ಊತಕ್ಕೂ ಮುಂಚಿನ ವರ್ಷಗಳು

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ, ರಕ್ತದಾನಿಗಳಿಂದ ಪಡೆದ ರಕ್ತದ ಸಣ್ಣ ಮಾದರಿಗಳನ್ನು ವರ್ಷಗಟ್ಟಲೆ ಘನೀಕರಿಸಿ ಇಡುವ ರೂಢಿಯಿತ್ತು. ಅಲ್ಲಿನ ಕೀಲುರೋಗ ತಜ್ಞರು ತಮ್ಮಲ್ಲಿಗೆ ಬರುತ್ತಿದ್ದ ರುಮಟಾಯ್ಡ್ ಸಂಧಿವಾತದ ರೋಗಿಗಳ ಪೈಕಿ ಹಿಂದೊಮ್ಮೆ ರಕ್ತ ಕೊಟ್ಟವರು ಯಾರಿದ್ದಾರೆ ಎಂದು ಹುಡುಕಿದರು. 79 ಜನ ಸಿಕ್ಕರು. ರಕ್ತ ಕೊಟ್ಟಾಗ ಅವರೆಲ್ಲ ಗಟ್ಟಿಮುಟ್ಟಾಗಿದ್ದವರು. ಆ ಹಳೆಯ ಮಾದರಿಗಳನ್ನು ಹೊರತೆಗೆದು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಸಂಧಿವಾತದ ಪ್ರತಿಕಾಯಗಳು ಆಗಲೇ ಇದ್ದವು. ಮೊದಲ ನೋವು ಕಾಣಿಸುವುದಕ್ಕೆ ಸರಿಸುಮಾರು ನಾಲ್ಕೂವರೆ ವರ್ಷ ಮುಂಚೆ. ಕೆಲವರಲ್ಲಿ ಹತ್ತು ವರ್ಷಕ್ಕೂ ಮುಂಚೆ. ಇದು ಪ್ರಕಟವಾದದ್ದು 2004ರಲ್ಲಿ. ಅದರ ಹಿಂದಿನ ವರ್ಷವೇ ಉತ್ತರ ಸ್ವೀಡನ್ನಿನ ಉಮಿಯೋ ನಗರದ ಸಂಶೋಧಕರೂ ತಮ್ಮ ಸೀಮೆಯ ರಕ್ತಸಂಗ್ರಹದಲ್ಲಿ ಇಂಥದೇ ಸುಳಿವನ್ನು ಕಂಡಿದ್ದರು.

ಕಳೆದ ಕಾಲು ಶತಮಾನದ ಕೀಲುರೋಗ ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕೀಲಿನ ಕಾಯಿಲೆ ಎಂದುಕೊಂಡಿದ್ದದ್ದು ಅನೇಕರಲ್ಲಿ ಕೀಲಿನಲ್ಲಿ ಹುಟ್ಟುವುದೇ ಇಲ್ಲ. ಬೆರಳಿನ ಗೆಣ್ಣು ಊದಿಕೊಂಡು ವೈದ್ಯರ ಮುಂದೆ ಕೈ ಚಾಚುವ ಹೊತ್ತಿಗೆ ರೋಗಕ್ಕೆ ಎಷ್ಟೋ ವರ್ಷ ವಯಸ್ಸಾಗಿರುತ್ತದೆ. ಹಾಗಾದರೆ ಆ ವರ್ಷಗಳಲ್ಲಿ ಅದು ಎಲ್ಲಿತ್ತು, ಏನು ಮಾಡುತ್ತಿತ್ತು, ಆಗಲೇ ಅದನ್ನು ಹಿಡಿಯಲಾಗದೆ? ಈಗ ನಡೆಯುತ್ತಿರುವ ಸಂಶೋಧನೆಯ ಬಹುಪಾಲು ಈ ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಬಿಡೋಣ. ಅರವತ್ತು ದಾಟಿದವರಿಗೆ ಬರುವ ಮಂಡಿ ಸವೆತ ಬೇರೆ, ರುಮಟಾಯ್ಡ್ ಸಂಧಿವಾತ ಬೇರೆ. ಎರಡನೆಯದು ಮೂವತ್ತರ ಹರೆಯದವರನ್ನೂ ಬಿಡುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಗೆಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗ ಒಟ್ಟೊಟ್ಟಿಗೆ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಒಂದು ಗಂಟೆ ಕಳೆದರೂ ಬಿಗಿತ ಸಡಿಲಿಸುವುದಿಲ್ಲ. ರೊಟ್ಟಿ ಬಡಿಯುವುದು, ನಲ್ಲಿ ತಿರುಗಿಸುವುದು, ಮಗುವಿಗೆ ಜಡೆ ಹೆಣೆಯುವುದು ಒಂದೊಂದಾಗಿ ಕೈತಪ್ಪಿ ಹೋಗುತ್ತವೆ. ಇಲ್ಲಿ ಕೀಲನ್ನು ಹಾಳುಮಾಡುವುದು ಸವೆತವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ. ಚಿಕಿತ್ಸೆ ಸಿಗದಿದ್ದರೆ ಮೊದಲೆರಡು ವರ್ಷಗಳಲ್ಲೇ ಮೂಳೆ ಕೊರೆದುಹೋಗಲು ಶುರುವಾಗುತ್ತದೆ. ಕೊರೆದ ಮೂಳೆ ಮತ್ತೆ ತುಂಬಿಕೊಳ್ಳುವುದು ತೀರಾ ಅಪರೂಪ.

ನಮ್ಮ ಪ್ರೋಟೀನುಗಳಲ್ಲಿ ಆರ್ಜಿನೀನ್ ಎಂಬ ಅಮೈನೊ ಆಮ್ಲವಿದೆ. ಉರಿಯೂತವಾದ ಕಡೆ ಕೆಲವು ಕಿಣ್ವಗಳು ಅದನ್ನು ಸಿಟ್ರುಲಿನ್ ಆಗಿ ಬದಲಾಯಿಸುತ್ತವೆ. ಬದಲಾವಣೆ ಬಹಳ ಚಿಕ್ಕದು, ಎಲ್ಲರ ದೇಹದಲ್ಲೂ ಆಗುವಂಥದು. ಆದರೆ ಆನುವಂಶಿಕವಾಗಿ ಒಲವುಳ್ಳ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ಎಣಿಸಿ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ 'ಆಂಟಿ ಸಿಸಿಪಿ' ಎಂದು ಬರೆದಿರುವುದು ಇದನ್ನೇ. ಈ ತಪ್ಪು ಗುರುತು ಮೊದಲು ಆಗುವುದು ಎಲ್ಲಿ? 2006ರಲ್ಲಿ ಸ್ಟಾಕ್‌ಹೋಮ್‌ನ ಲಾರ್ಸ್ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು ಶ್ವಾಸಕೋಶದ ಕಡೆ ಬೆರಳು ತೋರಿಸಿದರು. ಧೂಮಪಾನಿಗಳ ಶ್ವಾಸಕೋಶದಲ್ಲಿ ಸಿಟ್ರುಲಿನ್ ಬೆರೆತ ಪ್ರೋಟೀನುಗಳಿದ್ದವು. ಧೂಮಪಾನದ ಜೊತೆಗೆ ಒಂದು ಬಗೆಯ ಎಚ್‌ಎಲ್‌ಎ ಜೀನ್ ಕೂಡಿಬಂದವರಲ್ಲಿ ರೋಗದ ಅಪಾಯ ಹಲವು ಪಟ್ಟು ಏರಿತ್ತು. ಇನ್ನೊಂದು ಜಾಗ ಬಾಯಿ. ಒಸಡಿನ ಸೋಂಕು ಇರುವವರಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಮತ್ತೆ ಮತ್ತೆ ರಕ್ತಕ್ಕೆ ನುಸುಳುತ್ತವೆ, ಆ ಬ್ಯಾಕ್ಟೀರಿಯಾಗಳ ಮೇಲೂ ಸಿಟ್ರುಲಿನ್ ಇರುತ್ತದೆ, ಸಂಧಿವಾತದ ಪ್ರತಿಕಾಯಗಳು ಅವನ್ನೂ ಹಿಡಿಯುತ್ತವೆ ಎಂದು 2023ರಲ್ಲಿ ಅಮೆರಿಕದ ತಂಡವೊಂದು ತೋರಿಸಿತು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದರೆ ಉಗಿದು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಅಷ್ಟು ಹಗುರವಾಗಿ ಕಾಣುವ ಸಂಗತಿ ಅದಲ್ಲ.

ಇಷ್ಟೆಲ್ಲ ತಿಳಿಯುವ ಮೊದಲು ವೈದ್ಯರ ಕೈಯಲ್ಲಿದ್ದದ್ದು ಸೂಕ್ಷ್ಮ ಗಮನವೊಂದೇ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1929ರಿಂದಲೂ ಒಂದು ವಿಚಿತ್ರವನ್ನು ಗುರುತು ಹಾಕಿಕೊಳ್ಳುತ್ತಿದ್ದರು: ಕಾಮಾಲೆ ಆದ ಸಂಧಿವಾತದ ರೋಗಿಗೆ ಕೀಲುನೋವು ಇಳಿಯುತ್ತದೆ. ಬಸುರಿಯಾದರೂ ಇಳಿಯುತ್ತದೆ, ಹೆರಿಗೆಯ ನಂತರ ಮರಳುತ್ತದೆ. ಅಂದರೆ ಈ ರೋಗ ಹಿಂದಕ್ಕೆ ಸರಿಯಬಲ್ಲದು, ಹಾಗೆ ಸರಿಸುವ ಏನೋ ಒಂದು ದೇಹದಲ್ಲೇ ಇದೆ ಎಂದು ಅವರು ತರ್ಕಿಸಿದರು. ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವನ್ನು 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಲಾಯಿತು. ಹಾಸಿಗೆಯಿಂದ ಏಳಲು ಹೆಣಗುತ್ತಿದ್ದ ಆಕೆ ಒಂದು ವಾರದೊಳಗೆ ಪೇಟೆಗೆ ಹೋಗಿ ಸಾಮಾನು ಕೊಂಡು ಬಂದರು. ಆ ವಸ್ತುವೇ ಕಾರ್ಟಿಸೋನ್. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯುಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು.

ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಮುಖ ಊದಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು, ಸೋಂಕುಗಳು ಮೇಲೆಬಿದ್ದವು. ಔಷಧ ನಿಲ್ಲಿಸಿದರೆ ನೋವು ಇಮ್ಮಡಿಯಾಗಿ ಮರಳಿತು. ಕಾರ್ಟಿಸೋನ್ ಬಗೆಯ ಸ್ಟಿರಾಯ್ಡ್ ಇಂದಿಗೂ ಅಗತ್ಯದ ಔಷಧವೇ, ಆದರೆ ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲಕ್ಕೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎರಡೇ ದಿನದಲ್ಲಿ ಕೀಲುನೋವು ಮಾಯ ಎಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ನಮ್ಮ ದೇಶದಲ್ಲಿ ಎಷ್ಟೋ ಸಲ ಪತ್ತೆಯಾಗಿದೆ. ಅದನ್ನು ನುಂಗುತ್ತಾ ವರ್ಷಗಳನ್ನು ಕಳೆದವರ ನೋವು ಅಡಗಿರುತ್ತದೆ, ಕೀಲು ಮಾತ್ರ ಒಳಗೊಳಗೇ ಕರಗಿರುತ್ತದೆ.

ಇಂದು ಜಗತ್ತಿನಾದ್ಯಂತ ಈ ರೋಗಕ್ಕೆ ಮೊದಲು ಬರೆದುಕೊಡುವ ಔಷಧ ಮೆಥೊಟ್ರೆಕ್ಸೇಟ್. ಅದರ ಹಿಂದೆ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರು ಮುನ್ನಡೆಸಿದ ತಂಡ ಫೋಲಿಕ್ ಆಮ್ಲಕ್ಕೆ ಎದುರಾಗಿ ಕೆಲಸ ಮಾಡುವ ವಸ್ತುಗಳನ್ನು ತಯಾರಿಸಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ಮೊದಲು ಬಳಕೆಯಾದವು ಅವೇ. 1951ರಲ್ಲಿ ರಿಚರ್ಡ್ ಗಬ್ನರ್ ಎಂಬ ವೈದ್ಯರು ಅವುಗಳಲ್ಲೊಂದಾದ ಅಮಿನೊಪ್ಟೆರಿನ್ ಸಂಧಿವಾತಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರೂ ಯಾರೂ ಕಿವಿಗೊಡಲಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಕಾರ್ಟಿಸೋನ್ ಮೇಲಿತ್ತು. ಅದೇ ಬಳಗದ ಮೆಥೊಟ್ರೆಕ್ಸೇಟಿಗೆ ಗಟ್ಟಿ ಪುರಾವೆ ಬಂದದ್ದು 1985ರಲ್ಲಿ, ಅಮೆರಿಕದಲ್ಲಿ ಸಂಧಿವಾತಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. ಸುಬ್ಬರಾವ್ ತೀರಿಕೊಂಡು ಆಗಲೇ ನಾಲ್ಕು ದಶಕ ಕಳೆದಿತ್ತು. ನಮ್ಮ ಕೈಗೆಟುಕುವ ಬೆಲೆಯ ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಎರವಾಗಬಹುದು. ಮನೆಯಲ್ಲಿ ಯಾರಾದರೂ ಇದನ್ನು ತೆಗೆದುಕೊಳ್ಳುತ್ತಿದ್ದರೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಆನಂತರದ ದೊಡ್ಡ ಹೆಜ್ಜೆ ಲಂಡನ್ನಿನದು. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಕೆನಡಿ ಸಂಸ್ಥೆಯಲ್ಲಿ ರೋಗಿಗಳ ಕೀಲಿನ ಒಳಪದರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುತ್ತಿದ್ದರು. ಅಲ್ಲಿ ಉರಿಯೂತ ಎಬ್ಬಿಸುವ ಸಂದೇಶವಾಹಕ ಅಣುಗಳು ಹತ್ತಾರು. ಒಂದನ್ನು ತಡೆದರೆ ಉಳಿದವು ಕೆಲಸ ಮುಂದುವರಿಸುತ್ತವೆ ಎಂಬುದೇ ಆಗಿನ ತಜ್ಞರ ಅಭಿಪ್ರಾಯ. ಆದರೆ ಟಿಎನ್‌ಎಫ್ ಎಂಬ ಒಂದನ್ನು ತಡೆದಾಗ ಉಳಿದವೂ ಕುಸಿದವು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಬೇರಾವ ಔಷಧಕ್ಕೂ ಬಗ್ಗದ ಕೆಲವೇ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಪ್ರತಿಕಾಯವನ್ನು ಕೊಟ್ಟರು, ಅವರು ಚೇತರಿಸಿಕೊಂಡರು. 1994ರಲ್ಲಿ ಯಾದೃಚ್ಛಿಕ ಪ್ರಯೋಗ ಅದನ್ನು ಖಚಿತಪಡಿಸಿತು. ಜೈವಿಕ ಔಷಧಗಳ ಯುಗ ಅಲ್ಲಿಂದ ಶುರು.

ಅದೇ ಟಿಎನ್‌ಎಫ್ ನಮ್ಮ ಶ್ವಾಸಕೋಶದಲ್ಲಿ ಅಡಗಿ ಕುಳಿತ ಕ್ಷಯದ ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟಿ ಹಿಡಿದಿಡುವ ಕೋಶಗಳ ಕೋಟೆಯನ್ನೂ ಕಾಯುತ್ತದೆ. ಔಷಧ ಕೊಟ್ಟಾಗ ಕೋಟೆ ಸಡಿಲುತ್ತದೆ. 2001ರಲ್ಲಿ ಇಂಥ 70 ಕ್ಷಯದ ಪ್ರಕರಣಗಳ ವರದಿ ಬಂದ ಮೇಲೆ ಮುನ್ಪರೀಕ್ಷೆ ಕಡ್ಡಾಯವಾಯಿತು. ಭಾರತದಂಥ ದೇಶದಲ್ಲಿ ಇದು ಬರೀ ನಿಯಮವಲ್ಲ, ಜೀವದ ಪ್ರಶ್ನೆ. 2012ರಲ್ಲಿ ಬಂದ ಟೊಫಾಸಿಟಿನಿಬ್ ಎಂಬ ಗುಳಿಗೆ, ಅದರ ಬಂಧುಗಳಾದ ಜ್ಯಾಕ್ ಪ್ರತಿಬಂಧಕಗಳು ಸೂಜಿಯ ಗೋಜನ್ನು ತಪ್ಪಿಸಿದವು. ಅವಕ್ಕೂ ಎಲ್ಲೆಯಿದೆ: 50 ವರ್ಷ ದಾಟಿದ, ಹೃದಯದ ಅಪಾಯ ಮೊದಲೇ ಇದ್ದವರಲ್ಲಿ ಹೃದಯಾಘಾತ ಮತ್ತು ಕ್ಯಾನ್ಸರ್ ತುಸು ಹೆಚ್ಚಾದದ್ದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡಿತು.

ಇಷ್ಟು ಔಷಧಗಳಿದ್ದರೂ ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ತಿಂಗಳುಗಟ್ಟಲೆ ಒಂದನ್ನು ಕೊಟ್ಟು, ಫಲಿಸದಿದ್ದರೆ ಇನ್ನೊಂದು. ಅಷ್ಟರಲ್ಲಿ ಮೂಳೆ ಕೊರೆಯುತ್ತಲೇ ಇರುತ್ತದೆ. ಲಂಡನ್ನಿನ ಕೊಸ್ಟಾಂಟಿನೊ ಪಿಟ್ಸಾಲಿಸ್ ಅವರ ತಂಡ 164 ರೋಗಿಗಳ ಕೀಲಿನೊಳಗಿಂದ ಚೂರು ಅಂಗಾಂಶ ತೆಗೆದು ಮೊದಲೇ ಪರೀಕ್ಷಿಸಿ ನೋಡಿತು. ಅಂಗಾಂಶದಲ್ಲಿ ಪ್ರತಿಕಾಯ ತಯಾರಿಕೆಯ ಮೂಲವಾದ ಬಿ ಕೋಶಗಳು ವಿರಳವಾಗಿದ್ದವರಿಗೆ, ಬಿ ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್‌ಗಿಂತ ಟೊಸಿಲಿಜುಮ್ಯಾಬ್ ಹೆಚ್ಚು ಒಗ್ಗಿತು. ಈ ಫಲಿತಾಂಶ ಬಂದದ್ದು 2021ರಲ್ಲಿ. ಎರಡು ವರ್ಷದ ಬಳಿಕ ಅಮೆರಿಕದ ಇನ್ನೊಂದು ಕೂಟ 79 ಜನರ ಕೀಲುಗಳಿಂದ ಮೂರು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಒಂದೊಂದಾಗಿ ಓದಿ, ನಾವು ಒಂದೇ ಹೆಸರಿನಿಂದ ಕರೆಯುವ ಉರಿಯೂತದಲ್ಲಿ ಆರು ಬಗೆಗಳಿವೆ ಎಂದಿತು. ಕ್ಯಾನ್ಸರಿನಲ್ಲಿ ಗಡ್ಡೆಯ ಚೂರನ್ನು ನೋಡದೆ ಔಷಧ ಬರೆಯುವವರು ಯಾರೂ ಇಲ್ಲ. ಕೀಲಿಗೂ ಆ ದಿನ ಬರಬೇಕು.

ಈಗ ಲೂಪಸ್‌ಗೆ ಬರೋಣ. ಸಂಧಿವಾತದ ಬಳಗಕ್ಕೇ ಸೇರಿದ, ಆದರೆ ಇನ್ನೂ ಕ್ರೂರವಾದ ರೋಗ ಇದು. ಕೀಲಿನಿಂದ ಹಿಡಿದು ಮೂತ್ರಪಿಂಡ, ಹೃದಯದ ಹೊದಿಕೆ, ಚರ್ಮ, ಮಿದುಳಿನವರೆಗೆ ಯಾವುದನ್ನೂ ಬಿಡುವುದಿಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ ಹರೆಯದವರು. ಹೆಂಗಸರೇ ಏಕೆ ಎಂಬುದಕ್ಕೆ 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊವಾರ್ಡ್ ಚಾಂಗ್ ತಂಡ ಒಂದು ಉತ್ತರ ಕೊಟ್ಟಿತು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಎಕ್ಸಿಸ್ಟ್ ಎಂಬ ಆರ್‌ಎನ್‌ಎ ಹತ್ತಾರು ಪ್ರೋಟೀನುಗಳನ್ನು ಕೂಡಿಸಿಕೊಂಡು ಅವುಗಳಲ್ಲೊಂದನ್ನು ಸುಮ್ಮನಾಗಿಸುತ್ತದೆ. ಆ ಪ್ರೋಟೀನ್ ಗುಂಪಿನ ವಿರುದ್ಧವೇ ಸ್ವಪ್ರತಿಕಾಯಗಳು ಹುಟ್ಟುತ್ತವೆ. ಗಂಡು ಇಲಿಗಳಲ್ಲಿ ಎಕ್ಸಿಸ್ಟ್ ತಯಾರಾಗುವಂತೆ ಮಾಡಿದಾಗ, ರೋಗದ ಒಲವುಳ್ಳ ತಳಿಯಲ್ಲಿ ಅವಕ್ಕೂ ಲೂಪಸ್‌ನಂಥ ಲಕ್ಷಣಗಳು ಕಾಣಿಸಿದವು. ಇದು ಪೂರ್ಣ ಉತ್ತರವಲ್ಲ, ಹಾರ್ಮೋನುಗಳ ಪಾತ್ರ ಇದ್ದೇ ಇದೆ. ಆದರೂ ಹೆಂಗಸರ ನೋವನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಬಂದಿರುವುದು ನನಗೆ ತುಂಬ ಮುಖ್ಯವೆನಿಸುತ್ತದೆ.

2021ರಲ್ಲಿ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 20 ವರ್ಷದ ಯುವತಿಯೊಬ್ಬರಿದ್ದರು. ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತಿತ್ತು, ಹೃದಯದ ಹೊದಿಕೆ ಉರಿಯೂತದಿಂದ ತುಂಬಿತ್ತು. ಸ್ಟಿರಾಯ್ಡ್, ಸೈಕ್ಲೊಫಾಸ್ಫಮೈಡ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್ ಎಲ್ಲವೂ ಸೋತಿದ್ದವು. ಗಿಯೋರ್ಗ್ ಶೆಟ್ ಮತ್ತು ಆಂಡ್ರಿಯಾಸ್ ಮ್ಯಾಕೆನ್‌ಸೆನ್ ಅವರ ತಂಡ ರಕ್ತ ಕ್ಯಾನ್ಸರಿನಿಂದ ಒಂದು ಚಿಕಿತ್ಸೆಯನ್ನು ಎರವಲು ತಂದಿತು. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಬಿ ಕೋಶಗಳ ಮೈಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯಬಲ್ಲ ಗ್ರಾಹಕದ ಜೀನನ್ನು ಅವುಗಳೊಳಗೆ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಮತ್ತೆ ಮೈಗೆ ಹರಿಸುವುದು. ಇದೇ ಕಾರ್ ಟಿ ಕೋಶ ಚಿಕಿತ್ಸೆ. ಡಿಎನ್‌ಎ ವಿರುದ್ಧದ ಪ್ರತಿಕಾಯ ಆಕೆಯ ರಕ್ತದಲ್ಲಿ 5,000ಕ್ಕೂ ಮೇಲಿದ್ದದ್ದು ಐದೇ ವಾರದಲ್ಲಿ ಒಂದಂಕಿಗೆ ಇಳಿಯಿತು. ಮೂತ್ರದಲ್ಲಿ ಸೋರುತ್ತಿದ್ದ ಪ್ರೋಟೀನ್ ಬಹುತೇಕ ನಿಂತಿತು.

ರಿಟುಕ್ಸಿಮ್ಯಾಬ್ ಕೂಡ ಬಿ ಕೋಶಗಳನ್ನೇ ಕೊಲ್ಲುತ್ತದಲ್ಲ, ಅದು ಸೋತಲ್ಲಿ ಇದು ಗೆದ್ದದ್ದು ಹೇಗೆ? ದುಗ್ಧಗ್ರಂಥಿಗಳ ಚೂರು ತೆಗೆದು ನೋಡಿದಾಗ ಕಾರಣ ಸಿಕ್ಕಿತು. ರಿಟುಕ್ಸಿಮ್ಯಾಬ್ ರಕ್ತದಲ್ಲಿನ ಬಿ ಕೋಶಗಳನ್ನು ತೊಡೆದರೂ ಗ್ರಂಥಿಗಳ ಆಳದಲ್ಲಿ ಉಳಿಸಿರುತ್ತದೆ. ಗರಿಕೆಯನ್ನು ಮೇಲೆ ಮೇಲೆ ಕುಯ್ದಂತೆ; ಬೇರು ಇರುವ ತನಕ ಅದು ಚಿಗುರುತ್ತಲೇ ಇರುತ್ತದೆ. ಕಾರ್ ಟಿ ಕೋಶಗಳು ಜೀವಂತ ಕೋಶಗಳಾದ್ದರಿಂದ ತಾವೇ ಓಡಾಡಿ ಗ್ರಂಥಿಗಳೊಳಗೂ ಹುಡುಕಿ ಹೋಗುತ್ತವೆ. 2024ರಲ್ಲಿ ಅದೇ ತಂಡ 15 ರೋಗಿಗಳ ಫಲಿತಾಂಶ ಪ್ರಕಟಿಸಿತು: ಎಂಟು ಜನ ಲೂಪಸ್‌ನವರು, ಮೂವರು ಸ್ನಾಯುಗಳ ಉರಿಯೂತದವರು, ನಾಲ್ವರು ಚರ್ಮ ಗಡಸಾಗುವ ಸ್ಕ್ಲಿರೋಸಿಸ್‌ನವರು. ಲೂಪಸ್‌ನ ಎಂಟೂ ಮಂದಿ ರೋಗಲಕ್ಷಣಗಳಿಂದ ಬಿಡುಗಡೆ ಪಡೆದರು. ಹದಿನೈದು ಜನರೂ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನಿಲ್ಲಿಸಿದರು.

ನನ್ನನ್ನು ಹೆಚ್ಚು ಸೆಳೆದದ್ದು ಆಮೇಲಿನ ಸಂಗತಿ. ಸುಮಾರು ನಾಲ್ಕು ತಿಂಗಳಲ್ಲಿ ಬಿ ಕೋಶಗಳು ಮರಳಿ ಹುಟ್ಟಿದವು, ರೋಗ ಮರಳಲಿಲ್ಲ. ಹೊಸದಾಗಿ ಬಂದವು ಏನನ್ನೂ ಕಲಿಯದ ಎಳೆಯ ಕೋಶಗಳು. ದೇಹವನ್ನು ಶತ್ರುವೆಂದು ನೆನಪಿಟ್ಟುಕೊಂಡಿದ್ದ ಹಳೆಯವು ಅಳಿದಿದ್ದವು. ಲಸಿಕೆಗಳಿಂದ ಪಡೆದ ರಕ್ಷಣೆ ಮಾತ್ರ ಬಹುಮಟ್ಟಿಗೆ ಉಳಿದಿತ್ತು, ಏಕೆಂದರೆ ಅದನ್ನು ಕಾಯುವ ದೀರ್ಘಾಯು ಕೋಶಗಳ ಮೈಮೇಲೆ ಸಿಡಿ19 ಇರುವುದಿಲ್ಲ. ಎಪ್ಪತ್ತು ವರ್ಷ ನಾವು ರೋಗವನ್ನು ತಗ್ಗಿಸುತ್ತಲೇ ಬಂದಿದ್ದೆವು. ಅದರ ನೆನಪನ್ನೇ ಅಳಿಸಬಹುದು ಎಂಬುದಕ್ಕೆ ಇದು ಮೊದಲ ಬಲವಾದ ಸಾಕ್ಷಿ. ಶಾಂಘೈನ ವೈದ್ಯರು 2024ರಲ್ಲಿ ಆರೋಗ್ಯವಂತ ದಾನಿಯ ಕೋಶಗಳಿಂದಲೇ ಇದನ್ನು ಮೂವರಿಗೆ ಮಾಡಿ ತೋರಿಸಿದರು. ಪ್ರತಿ ರೋಗಿಗೂ ಬೇರೆಬೇರೆಯಾಗಿ ತಯಾರಿಸುವ ಖರ್ಚು ಇದರಿಂದ ಇಳಿಯಬಹುದು.

ಎಚ್ಚರವೂ ಬೇಕು. ರೋಗಿಗಳ ಸಂಖ್ಯೆ ಇನ್ನೂ ಚಿಕ್ಕದು, ಹಿಂಬಾಲಿಸಿದ ವರ್ಷಗಳೂ ಕಡಿಮೆ. ಕೋಶ ಹರಿಸುವ ಮುನ್ನ ಕೀಮೋಥೆರಪಿ ಬೇಕು. ಕ್ಯಾನ್ಸರಿಗೆ ಈ ಚಿಕಿತ್ಸೆ ಪಡೆದ ಕೆಲವರಲ್ಲಿ ಟಿ ಕೋಶಗಳದೇ ಕ್ಯಾನ್ಸರ್ ಕಂಡದ್ದರಿಂದ ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಎಚ್ಚರಿಕೆ ಹೊರಡಿಸಿದರು. ಬೆಲೆಯಂತೂ ಅಲ್ಲಿ ಮೂರು ಕೋಟಿ ರೂಪಾಯಿಗೂ ಮೇಲೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು, ಬೆಲೆ ಅಮೆರಿಕದ್ದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ 2025ರಲ್ಲಿ ತನ್ನದನ್ನು ಹೊರತಂದಿತು. ಎರಡಕ್ಕೂ ಅನುಮತಿ ದೊರೆತದ್ದು ರಕ್ತ ಕ್ಯಾನ್ಸರಿಗೆ. ಆದರೆ ಕೋಶಗಳನ್ನು ತೆಗೆದು ಬದಲಿಸಿ ಬೆಳೆಸುವ ಕಸುಬು ನಮ್ಮ ನೆಲಕ್ಕೆ ಬಂದಾಗಿದೆ ಎಂಬುದು ಸಣ್ಣ ಮಾತಲ್ಲ.

ರೋಗದ ನೆನಪು ಬಲಿತ ಮೇಲೆ ಅಳಿಸುವ ಬದಲು ಅದು ಬಲಿಯುವ ಮೊದಲೇ ತಡೆಯಬಾರದೆ? ದೇಹದಲ್ಲಿ ಇದಕ್ಕೆಂದೇ ಕಾವಲುಗಾರ ಟಿ ಕೋಶಗಳಿವೆ. ಅವನ್ನು 1995ರಲ್ಲಿ ಗುರುತಿಸಿದ ಶಿಮೊನ್ ಸಕಾಗುಚಿ, ಅವನ್ನು ಆಳುವ ಜೀನನ್ನು ಕಂಡುಹಿಡಿದ ಮೇರಿ ಬ್ರಂಕೊ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು. ಈ ಕಾವಲನ್ನು ಬಲಪಡಿಸುವ ಔಷಧಗಳ ಪ್ರಯೋಗಗಳು ನಡೆದಿವೆ.

ರುಮಟಾಯ್ಡ್ ಸಂಧಿವಾತವನ್ನು ಮೊದಲೇ ತಡೆಯಲು ಈಗಾಗಲೇ ಕೈಯಲ್ಲಿರುವ ಔಷಧಗಳಿಂದಲೂ ಪ್ರಯತ್ನ ಆಗಿದೆ. ಲಂಡನ್ನಿನ ಆಂಡ್ರೂ ಕೋಪ್ ಮುನ್ನಡೆಸಿದ ಪ್ರಯೋಗದಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 213 ಜನರಿದ್ದರು. ರಕ್ತದಲ್ಲಿ ಪ್ರತಿಕಾಯ ಇದೆ, ಕೀಲುನೋವು ಇದೆ, ಊತ ಇನ್ನೂ ಬಂದಿಲ್ಲ, ಅಂಥವರು. ಟಿ ಕೋಶಗಳ ಪ್ರಚೋದನೆಯನ್ನು ತಡೆಯುವ ಅಬಾಟಸೆಪ್ಟ್ ಚುಚ್ಚುಮದ್ದನ್ನು ಅರ್ಧದಷ್ಟು ಜನರಿಗೆ ಒಂದು ವರ್ಷ ಕೊಟ್ಟರು. ಆ ವರ್ಷದಲ್ಲಿ ರೋಗಕ್ಕೆ ಜಾರಿದವರು ಅವರಲ್ಲಿ ಶೇ. 6, ಹುಸಿಮದ್ದು ಪಡೆದವರಲ್ಲಿ ಶೇ. 29. ಔಷಧ ನಿಲ್ಲಿಸಿ ಇನ್ನೊಂದು ವರ್ಷ ಕಳೆದಾಗ ಅಂತರ ಕಿರಿದಾಗಿ ಶೇ. 25 ಮತ್ತು ಶೇ. 37 ಆಯಿತು. ಲೈಡನ್ನಿನಲ್ಲಿ ಮೆಥೊಟ್ರೆಕ್ಸೇಟ್‌ನಿಂದ ಮಾಡಿದ ಇಂಥದೇ ಪ್ರಯತ್ನ ರೋಗವನ್ನು ತಡೆಯಲಿಲ್ಲ, ಆದರೆ ನೋವನ್ನೂ ಬಿಗಿತವನ್ನೂ ಬಹುಕಾಲ ತಗ್ಗಿಸಿತು. ಹೈಡ್ರಾಕ್ಸಿಕ್ಲೊರೊಕ್ವಿನ್ ಏನೂ ಮಾಡಲಿಲ್ಲ.

ಈ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಹುಸಿಮದ್ದಿನವರಲ್ಲಿ ಬಹುಪಾಲು ಜನರಿಗೆ ಎರಡು ವರ್ಷದಲ್ಲಿ ರೋಗ ಬರಲೇ ಇಲ್ಲ. ಬಾರದಿರಬಹುದಾದ ಕಾಯಿಲೆಗೆ ಸೋಂಕಿನ ಅಪಾಯವಿರುವ ದುಬಾರಿ ಚುಚ್ಚುಮದ್ದನ್ನು ಯಾರಿಗೆ ಕೊಡಬೇಕು? ಕೋಪ್ ಅವರ ಪ್ರಯೋಗದಲ್ಲಿ ಹಲವು ಬಗೆಯ ಪ್ರತಿಕಾಯಗಳು ಒಟ್ಟಿಗೆ ಇದ್ದವರಿಗೆ ಹೆಚ್ಚು ಲಾಭವಾದಂತೆ ಕಂಡಿತು. ಯಾರು ಜಾರುತ್ತಾರೆ, ಯಾರು ಜಾರುವುದಿಲ್ಲ ಎಂದು ಮೊದಲೇ ಹೇಳಬಲ್ಲ ರಕ್ತಪರೀಕ್ಷೆಗಾಗಿ ಹುಡುಕಾಟ ನಡೆದಿದೆ. ಅಲ್ಲಿಯವರೆಗೆ, ತಾಯಿಗೋ ಅಕ್ಕನಿಗೋ ಈ ರೋಗವಿದ್ದು ತನ್ನ ರಕ್ತದಲ್ಲೂ ಪ್ರತಿಕಾಯ ಕಂಡುಬಂದ ಹೆಣ್ಣುಮಗಳಿಗೆ ವೈದ್ಯರು ಹೇಳಬಹುದಾದದ್ದು ಇಷ್ಟು: ತಂಬಾಕಿನ ಹೊಗೆಯಿಂದ ದೂರವಿರಿ, ಒಸಡನ್ನು ದಂತವೈದ್ಯರಿಗೆ ತೋರಿಸಿ, ಗೆಣ್ಣು ಊದಿದರೆ ತಾನಾಗಿ ಇಳಿದೀತು ಎಂದು ಕಾಯದೆ ಆರು ವಾರದೊಳಗೆ ಕೀಲುರೋಗ ತಜ್ಞರ ಬಳಿ ಬನ್ನಿ, ಮೂರು ತಿಂಗಳೊಳಗೆ ಮಾತ್ರೆ ಶುರುವಾದರೆ ಮೂಳೆಯನ್ನು ಉಳಿಸಿಕೊಳ್ಳುವ ಅವಕಾಶ ಬಹಳ ಹೆಚ್ಚು.